ಪುರಸ್ಕಾರದ ನಿಶಾನೆ ಎಷ್ಟು ಎತ್ತರದಲ್ಲಿರಬೇಕು?

ಹತ್ತನೆಯ, ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಬೆನ್ನಿಗೆ ನಮ್ಮ ಸಂಘ-ಸಂಸ್ಥೆಗಳಲ್ಲಿ ಪ್ರತಿಭಾ ಪುರಸ್ಕಾರದ ಸಿದ್ಧತೆ ಆರಂಭವಾಗುತ್ತದೆ. ಅಂಕಪಟ್ಟಿಗಳ ಝೆರಾಕ್ಸ್ ಪ್ರತಿ ತರಿಸಿ, ಮೊದಲ ಮೂವರು ಯಾರೆಂದು ಲೆಕ್ಕ ಹಾಕುವ ಕೆಲಸ ಬ್ಯಾಂಕಿನವನೆಂಬ ಕಾರಣಕ್ಕೆ ಹಲವು ವರ್ಷ ನನ್ನ ಪಾಲಿಗೆ ಬಂದಿದೆ. ಪ್ರತಿಸಲ ಹೆಚ್ಚುಕಡಿಮೆ ಅದೇ ನಾಲ್ಕಾರು ಮನೆಗಳ ಮಕ್ಕಳು. ಕಳಂಬೋಲಿಯ ಸ್ಟೀಲ್ ಮಾರ್ಕೆಟ್ ಪರಿಸರದ ಹೋಟೆಲು, ಲಾರಿ ಆಫೀಸುಗಳಲ್ಲಿ ದುಡಿಯುವವರ ಮಗನೋ ಮಗಳೋ ಶೇ. 50ರಿಂದ 65ಕ್ಕೆ ಏರಿದರೂ ಆ ಅಂಕಪಟ್ಟಿ ನಮ್ಮ ಕೈಗೆ ಬರುವುದೇ ಇಲ್ಲ. ಸಿಗದ ಬಹುಮಾನಕ್ಕೆ ಝೆರಾಕ್ಸ್ ಖರ್ಚು ಯಾಕೆ ಎಂದು ಅವರಿಗೆ ಗೊತ್ತಿದೆ.

ನಮ್ಮ ಊರಿನ ಕಂಬಳವನ್ನು ನೆನಪಿಸಿಕೊಳ್ಳಿ. ಹಿಂದೆ ಗೆದ್ದ ಕೋಣಗಳ ಯಜಮಾನರಿಗೆ ತೆಂಗಿನಕಾಯಿ, ಬಾಳೆಗೊನೆ ಸಿಗುತ್ತಿತ್ತು. ಈಗ ಪವನ್ ಲೆಕ್ಕದಲ್ಲಿ ಚಿನ್ನ. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಕಂಬಳದಲ್ಲಿ ಪ್ರಥಮ ಬಹುಮಾನ 16 ಗ್ರಾಂ ಚಿನ್ನ ಮತ್ತು ಒಂದು ಲಕ್ಷ ರೂಪಾಯಿ. ಹಗ್ಗ, ನೇಗಿಲು, ಅಡ್ಡಹಲಗೆ ವಿಭಾಗಗಳಲ್ಲಿ ಜೋಡಿಗೆ ಜೋಡಿ ಸ್ಪರ್ಧೆ. ಕೂದಲೆಳೆಯ ಅಂತರದಲ್ಲಿ ಹಿಂದೆ ಬಿದ್ದರೂ ಸೋಲು ಸೋಲೇ. ಆದರೆ ಕನೆಹಲಗೆಯಲ್ಲಿ ಹಾಗಲ್ಲ. ಅಲ್ಲಿ ಹಲಗೆಯ ತೂತಿನಿಂದ ಚಿಮ್ಮಿದ ನೀರು ಆರೂವರೆ ಕೋಲು ಎತ್ತರದ ನಿಶಾನೆಗೆ ತಾಗಬೇಕು, ಅಷ್ಟೇ. ಎರಡು ಜೋಡಿಯ ನೀರು ತಾಗಿದರೆ ಇಬ್ಬರಿಗೂ ಬಹುಮಾನ. ಪಕ್ಕದವನು ಸೋಲಬೇಕಾಗಿಲ್ಲ.

ಅಮೆರಿಕದ ಎಡ್ವರ್ಡ್ ಲೇಜಿಯರ್ ಮತ್ತು ಶರ್ವಿನ್ ರೋಸೆನ್ ಎಂಬ ಅರ್ಥಶಾಸ್ತ್ರಜ್ಞರು 1981ರಲ್ಲಿ ನೌಕರಿಯ ಬಡ್ತಿಯನ್ನೂ ಇಂತಹ ಪಂದ್ಯಕ್ಕೆ ಹೋಲಿಸಿದರು. ಮೇಲಿನ ಹುದ್ದೆಯ ಸಂಬಳ ಎಷ್ಟು ಹೆಚ್ಚೋ ಕೆಳಗಿನವರ ಶ್ರಮವೂ ಅಷ್ಟು ಹೆಚ್ಚು ಎಂಬುದು ಅವರ ವಾದ. ಅಂತರ ಅತಿಯಾದರೆ ಸಹೋದ್ಯೋಗಿಗೆ ಸಹಾಯ ಮಾಡುವ ಮನಸ್ಸು ಹೋಗುತ್ತದೆ ಎಂದು ಲೇಜಿಯರ್ ಮುಂದೆ 1989ರಲ್ಲಿ ಬರೆದರು. ಇದಕ್ಕೆ ಅಮೆರಿಕದವರು ಬೇಕಿರಲಿಲ್ಲ, ನಮ್ಮ ಬ್ರಾಂಚಿನ ಲಂಚ್ ಟೇಬಲ್ ಸಾಕಿತ್ತು! ಜೆ.ಎ.ಐ.ಐ.ಬಿ. ಪರೀಕ್ಷೆ ಯಾರು ಪಾಸಾದರೂ ಇಂಕ್ರಿಮೆಂಟ್ ಉಂಟು. ಅದರ ನೋಟ್ಸ್ ಟಿಫಿನ್ ಡಬ್ಬಿಯ ಜೊತೆಗೇ ಕೈಯಿಂದ ಕೈಗೆ ಹೋಗುತ್ತಿತ್ತು. ಆಫೀಸರ್ ಪ್ರಮೋಷನ್ನಿನ ಹುದ್ದೆಗಳು ಮಾತ್ರ ಎಣಿಕೆಯವು. ಆ ನೋಟ್ಸ್ ಡ್ರಾವರಿನೊಳಗೆ, ಬೀಗ ಸಹಿತ. ಪ್ರಮೋಷನ್ನಿನ ಜೊತೆ ದೂರದ ಊರಿಗೆ ವರ್ಗವೂ ಬರುತ್ತದೆಂದು ನಾನು ಅರ್ಜಿಯನ್ನೇ ಹಾಕಲಿಲ್ಲ. ಬಹುಮಾನ ದೊಡ್ಡದಾದ ಮಾತ್ರಕ್ಕೆ ಎಲ್ಲರೂ ಓಡುವುದಿಲ್ಲ.

ಹಾಗೆಂದು ಓಟದಲ್ಲಿ, ಭಾವಗೀತೆ ಸ್ಪರ್ಧೆಯಲ್ಲಿ ಪ್ರಥಮ, ದ್ವಿತೀಯ ಬೇಡವೆಂದಲ್ಲ. ಅದಿಲ್ಲದಿದ್ದರೆ ಸ್ಪರ್ಧೆಗೆ ರುಚಿಯೇ ಇಲ್ಲ. ಶಾಲೆಯ ಅಂಕಗಳಿಗಾದರೂ ಕನೆಹಲಗೆಯ ಕ್ರಮ ಇರಲಿ ಎಂದು ಸಮಿತಿಯ ಸಭೆಯಲ್ಲಿ ಹೇಳಿದೆ: ಒಂಬತ್ತನೆಯ ತರಗತಿಗಿಂತ ಹತ್ತನೆಯದರಲ್ಲಿ ಶೇ. 10 ಅಂಕ ಹೆಚ್ಚು ಪಡೆದವರಿಗೆಲ್ಲ ಸಮಾನ ಬಹುಮಾನ. ಒಂಬತ್ತನೆಯದರ ಅಂಕ ಆಯಾ ಶಾಲೆಯವರೇ ಕೊಟ್ಟದ್ದು, ಬೋರ್ಡಿನ ಪರೀಕ್ಷೆ ಕಠಿಣ ಎಂದು ಅಧ್ಯಾಪಕಿಯಾಗಿರುವ ಸದಸ್ಯೆಯೊಬ್ಬರು ಆಕ್ಷೇಪಿಸಿದರು. ಮಾತು ನ್ಯಾಯವಾದದ್ದೇ. ನಿಶಾನೆಯನ್ನು ಶೇ. 5ಕ್ಕೆ ಇಳಿಸಿದೆವು. ಖರ್ಚೆಷ್ಟು ಎಂದು ಕೋಶಾಧಿಕಾರಿಯವರು ಕೇಳಿದರು. ಮೂರು ಬೆಳ್ಳಿ ತಟ್ಟೆಗಳ ಬದಲು ನಿಘಂಟು, ಕಂಪಾಸ್ ಪೆಟ್ಟಿಗೆ ಕೊಟ್ಟರೆ ಎಷ್ಟು ಮಕ್ಕಳಿಗಾದೀತೆಂದು ಈಗ ಕೊಟೇಶನ್ ತರಿಸುತ್ತಿದ್ದೇವೆ.