ಗೋಡೆಯ ನೆರಳಿನಲ್ಲಿ ಕಡಲು

ಸ್ಪೇನ್ ದೇಶದ ಬಾರ್ಸಿಲೋನಾ ನಗರವು ಮೆಡಿಟರೇನಿಯನ್ ಸಮುದ್ರದ ವಾಯವ್ಯ ದಡದಲ್ಲಿದೆ. ಅಲ್ಲಿ ನಗರದ ಬೀದಿಗಳು ಮುಗಿಯುವೆಡೆಯಲ್ಲಿಯೇ ಮರಳು ಮೊದಲಾಗುತ್ತದೆ. ದಿನದ ಕೆಲಸ ತೀರಿಸಿಕೊಂಡವರು ಸುರಂಗ ರೈಲಿನಿಂದ ಇಳಿದು ಕೆಲವೇ ನಿಮಿಷಗಳಲ್ಲಿ ಕಡಲ ನೀರಿಗಿಳಿಯಬಹುದು. ಸಾಲಾಗಿರುವ ಅಲ್ಲಿನ ಸಾರ್ವಜನಿಕ ತೀರಗಳಲ್ಲಿ ನೋವಾ ಇಕಾರಿಯ ಎಂಬುದು ಎಲ್ಲಕ್ಕಿಂತ ಸೌಮ್ಯವಾದವುಗಳಲ್ಲೊಂದು. ಉದ್ದ ಸುಮಾರು 400 ಮೀಟರು, ಅಷ್ಟೆ. ಎಳೆಯ ಮಕ್ಕಳನ್ನು ಕರೆತಂದ ತಾಯಂದಿರೂ ವಯಸ್ಸಾದವರೂ ಇದನ್ನೇ ಹುಡುಕಿಕೊಂಡು ಬರುತ್ತಾರೆ. ಬೇಸಿಗೆಯಲ್ಲಿ ಇಲ್ಲಿ ಇನ್ನೊಂದು ಏರ್ಪಾಡು ಉಂಟು: ನಡೆಯಲಾರದವರನ್ನು ನೀರಿನಲ್ಲಿ ತೇಲಬಲ್ಲ ಗಾಲಿಕುರ್ಚಿಯಲ್ಲಿ ಕುಳ್ಳಿರಿಸಿ, ಸಹಾಯಕರು ಮೆಲ್ಲನೆ ಸಮುದ್ರಸ್ನಾನಕ್ಕೆ ಕರೆದೊಯ್ಯುತ್ತಾರೆ. ಎದೆಯೆತ್ತರದ ಅಲೆ ಬಂದು ಬಡಿಯುವ ಕಡಲಿನಲ್ಲಿ ಇದು ಸಾಧ್ಯವಾಗುವ ಮಾತೆ? ಹಾಗಾದರೆ ಇಲ್ಲಿ ಮಾತ್ರ ನೀರು ಇಷ್ಟು ಶಾಂತವಾಗಿರಲು ಕಾರಣವೇನು?

ಕಾರಣಗಳಲ್ಲಿ ಒಂದಷ್ಟು ಪ್ರಕೃತಿಯವು, ಉಳಿದವು ಮನುಷ್ಯನವು. ಪ್ರಕೃತಿಯದನ್ನು ಮೊದಲು ನೋಡೋಣ.

ನಮ್ಮ ಕರಾವಳಿಯಿಂದ ಹೋದವರಿಗೆ ಅಲ್ಲಿ ಮೊದಲು ವಿಚಿತ್ರವೆನಿಸುವುದು ಉಬ್ಬರ ಇಳಿತಗಳ ಗುರುತೇ ಕಾಣದಿರುವುದು. ಕಾರವಾರದಲ್ಲಿ ಹುಣ್ಣಿಮೆ ಅಮಾವಾಸ್ಯೆಗಳಂದು ನೀರು ಒಂದೂವರೆ ಮೀಟರಿಗೂ ಮಿಕ್ಕಿ ಏರಿ ಇಳಿಯುತ್ತದೆ. ಬಾರ್ಸಿಲೋನಾದಲ್ಲಿ ಆ ಏರಿಳಿತ ಒಂದು ಗೇಣಿನಷ್ಟು, ಸುಮಾರು 20 ಸೆಂಟಿಮೀಟರು. ಚಂದ್ರ ಸೂರ್ಯರ ಸೆಳೆತ ಅಲ್ಲಿಗೆ ತಲಪುವುದಿಲ್ಲವೆಂದಲ್ಲ. ಉಬ್ಬರವು ದೊಡ್ಡದಾಗಬೇಕಾದರೆ ವಿಸ್ತಾರವಾದ ಜಲರಾಶಿ ಒಟ್ಟಾಗಿ ತೂಗಬೇಕು. ಮೆಡಿಟರೇನಿಯನ್ ಎಂಬುದು ಸುತ್ತಲೂ ನೆಲದಿಂದ ಮುಚ್ಚಿಹೋದ ಕಡಲು. ಅಟ್ಲಾಂಟಿಕ್ ಸಾಗರದ ಉಬ್ಬರವು ಒಳನುಗ್ಗೋಣವೆಂದರೆ ಬಾಗಿಲಾಗಿರುವ ಜಿಬ್ರಾಲ್ಟರ್ ಜಲಸಂಧಿ ಅತ್ಯಂತ ಕಿರಿದಾದ ಸ್ಥಳದಲ್ಲಿ ಸುಮಾರು 14 ಕಿಲೋಮೀಟರು ಮಾತ್ರ ಅಗಲವಾಗಿದೆ. ಟ್ಯುನೀಸಿಯದ ಗಾಬೆಸ್ ಕೊಲ್ಲಿ, ವೆನಿಸ್ ನಗರವಿರುವ ಏಡ್ರಿಯಾಟಿಕ್ ಸಮುದ್ರದ ಉತ್ತರ ತುದಿ ಇಂತಹ ಕೆಲವೆಡೆಗಳಲ್ಲಿ ಮಾತ್ರ ದಡದ ಆಕಾರವು ಉಬ್ಬರಕ್ಕೆ ಒದಗಿಬಂದು ಅದು ಎದ್ದು ಕಾಣುತ್ತದೆ. ಬಾರ್ಸಿಲೋನಾದಲ್ಲಿಯಾದರೋ ವಾಯುಭಾರದ ಏರಿಳಿತವೇ ಚಂದ್ರನಿಗೆ ಸರಿಸಾಟಿ. ವಾಯುಭಾರ 1 ಮಿಲಿಬಾರ್ ಇಳಿದರೆ ಸಮುದ್ರದ ಮಟ್ಟ ಸುಮಾರು 1 ಸೆಂಟಿಮೀಟರು ಏರುತ್ತದೆಯಾದುದರಿಂದ, 20 ಮಿಲಿಬಾರ್ ಇಳಿತದ ಒಂದು ಬಿರುಗಾಳಿ ಬಂದಿತೆಂದರೆ ಚಂದ್ರನು ಮಾಡುವಷ್ಟನ್ನೇ ಅದೂ ಮಾಡಿಬಿಡುತ್ತದೆ.

ಇನ್ನು ಅಲೆಗಳ ವಿಷಯ. ಗಾಳಿಯು ನೀರಿನ ಮೇಲೆ ಎಷ್ಟು ದೂರ, ಎಷ್ಟು ಹೊತ್ತು ಬೀಸಿತೆಂಬುದರ ಮೇಲೆ ಅಲೆಯ ಗಾತ್ರ ನಿಲ್ಲುತ್ತದೆ. ಮಳೆಗಾಲದಲ್ಲಿ ಅರಬ್ಬೀ ಸಮುದ್ರವನ್ನು ದಾಟಿ ಬರುವ ತೆರೆಗಳು ಒಂದರ ಹಿಂದೊಂದು ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಬರುತ್ತವೆ; ಮೆಡಿಟರೇನಿಯನ್‌ನಲ್ಲಿ ಐದಾರು ಸೆಕೆಂಡುಗಳ ಅಲೆಗಳೇ ಹೆಚ್ಚು. ಈ ಅಂತರ ಅಲ್ಪವೆಂದು ತೋರಬಹುದು. ಆದರೆ ಆಳವಾದ ನೀರಿನಲ್ಲಿ ಅಲೆಯ ಉದ್ದವು ಈ ಕಾಲದ ವರ್ಗಕ್ಕೆ ಅನುಗುಣವಾಗಿರುತ್ತದೆ. ಸೆಕೆಂಡುಗಳ ಸಂಖ್ಯೆಯನ್ನು ಅದರಿಂದಲೇ ಗುಣಿಸಿ ಮತ್ತೆ 1.56ರಿಂದ ಗುಣಿಸಿದರೆ ಉದ್ದ ಮೀಟರುಗಳಲ್ಲಿ ದೊರೆಯುತ್ತದೆ. ಆರು ಸೆಕೆಂಡಿನ ಅಲೆಯ ಉದ್ದ 56 ಮೀಟರು, ಹತ್ತು ಸೆಕೆಂಡಿನದು 156 ಮೀಟರು. ಎರಡನೆಯದು ಹೊತ್ತು ತರುವ ಶಕ್ತಿ ಎಷ್ಟು ಹೆಚ್ಚಿನದೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಹಾಗೆಂದು ಮೆಡಿಟರೇನಿಯನ್ ಎಂದೂ ಮುನಿಯದ ಕಡಲೆಂದು ತಿಳಿಯಬಾರದು. ಕಟಲೋನಿಯದ ಜನ ‘ಲ್ಯೆವಾಂತ್’ ಎಂದು ಕರೆಯುವ ಮೂಡಣ ಗಾಳಿ ಎದ್ದಿತೆಂದರೆ ಅದಕ್ಕೆ ನೂರಾರು ಕಿಲೋಮೀಟರು ತೆರೆದ ನೀರು ಸಿಕ್ಕುತ್ತದೆ. 2020ರ ಜನವರಿಯಲ್ಲಿ ಬಂದ ‘ಗ್ಲೋರಿಯ’ ಎಂಬ ಬಿರುಗಾಳಿಯಲ್ಲಿ ನಗರದ ತೀರಗಳ ಮರಳು ಬಹಳಷ್ಟು ಕೊಚ್ಚಿಹೋಯಿತು. ನೆರೆಯ ಬಾದಲೋನದಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿದ್ದ ಹಳೆಯ ‘ಪೆಟ್ರೋಲಿ’ ಸೇತುವೆ ಮುರಿಯಿತು. ನೋವಾ ಇಕಾರಿಯದ ಶಾಂತಿಗೆ ಪ್ರಕೃತಿಯೊಂದೇ ಕಾರಣವಾಗಿದ್ದರೆ ಅದು ಗಾಳಿ ಒಲಿದ ದಿನಗಳಿಗೆ ಮಾತ್ರ ಸಲ್ಲುತ್ತಿತ್ತು. ಉಳಿದ ದಿನಗಳಲ್ಲಿ ಅದನ್ನು ಕಾಯುವುದು ಬಂಡೆಗಳ ಗೋಡೆ.

ಈ ತೀರದ ನೈರುತ್ಯಕ್ಕೆ ಒಲಿಂಪಿಕ್ ಬಂದರು, ಈಶಾನ್ಯಕ್ಕೆ ಬೋಗತೆಲ್ ಎಂಬ ಕಲ್ಲಿನ ತಡೆಗೋಡೆ. ಮೂಡಲಿಂದ ಓರೆಯಾಗಿ ಬರುವ ಅಲೆ ಈ ಗೋಡೆಗೆ ಬಡಿದು ಬಂಡೆಗಳ ಸಂದುಗಳಲ್ಲಿ ನೊರೆಯಾಗಿ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಗೋಡೆಯ ತುದಿಯನ್ನು ದಾಟಿಬಂದ ಅಲೆಯ ಗತಿಯೇನು? ಇಲ್ಲಿಯೇ ಭೌತವಿಜ್ಞಾನದ ಸ್ವಾರಸ್ಯ ಇರುವುದು. ಅಲೆಯು ಕತ್ತರಿಸಿದಂತೆ ನೇರವಾಗಿ ಸಾಗುವುದಿಲ್ಲ. ತುದಿಯನ್ನು ಸುತ್ತಿಕೊಂಡು ನೆರಳಿನೊಳಕ್ಕೂ ಹರಡಿಕೊಳ್ಳುತ್ತದೆ. ಇದಕ್ಕೆ ವಿವರ್ತನೆ ಎಂದು ಹೆಸರು. ಬೆಳಕು ಹೀಗೆ ಬಾಗುತ್ತದೆಂದು ತರಗತಿಯಲ್ಲಿ ಹೇಳಿದರೆ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಒಪ್ಪಿಕೊಳ್ಳುತ್ತಾರೆಯೇ ಹೊರತು ಮನಸ್ಸಿನಿಂದ ನಂಬುವುದಿಲ್ಲ. ಬೆಳಕಿನ ಅಲೆಯುದ್ದ ಅಷ್ಟು ಸೂಕ್ಷ್ಮ. ಐವತ್ತು ಮೀಟರು ಉದ್ದದ ಅಲೆ ಬಾಗುವುದನ್ನಾದರೋ ಗೋಡೆಯ ಮೇಲೆ ನಿಂತವರೆಲ್ಲರೂ ಕಾಣಬಹುದು. ಅರ್ಧವೃತ್ತದಂತೆ ಬಳುಕಿದ ತೆರೆಸಾಲುಗಳು ಒಳನೀರಿನಲ್ಲಿ ಬೀಸಣಿಗೆ ಬಿಚ್ಚಿದಂತೆ ಹರಡುತ್ತವೆ.

ಚೂಪಾದ ಅಂಚನ್ನು ದಾಟುವ ಬೆಳಕಿನ ಲೆಕ್ಕವನ್ನು ಜರ್ಮನಿಯ ಸೊಮರ್‌ಫೆಲ್ಡ್ 1896ರಲ್ಲಿ ಬಿಡಿಸಿದ್ದನು. ಅದೇ ಲೆಕ್ಕ ತಡೆಗೋಡೆಯ ಹಿಂದಿನ ಕಡಲಲೆಗಳಿಗೂ ಸಲ್ಲುತ್ತದೆಂದು ಪೆನಿ ಮತ್ತು ಪ್ರೈಸ್ ಎಂಬ ಇಂಗ್ಲೆಂಡಿನ ಇಬ್ಬರು ವಿದ್ವಾಂಸರು 1952ರಲ್ಲಿ ಪ್ರಕಟಿಸಿದರು. (ಈ ಪೆನಿ ಎರಡನೆಯ ಮಹಾಯುದ್ಧದಲ್ಲಿ ನಾರ್ಮಂಡಿಯ ಕೃತಕ ಬಂದರುಗಳ ಅಲೆತಡೆಗಳಿಗಾಗಿ ದುಡಿದವನು.) ಗೋಡೆಯ ತುದಿಯಿಂದ ಅಲೆಯು ಸಾಗುವ ದಿಕ್ಕಿನಲ್ಲಿ ಒಂದು ಗೆರೆ ಎಳೆದರೆ, ಆ ಗೆರೆಯ ಮೇಲೆ ಅಲೆಯ ಎತ್ತರ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಅಲೆಯ ಶಕ್ತಿ ಎತ್ತರದ ವರ್ಗಕ್ಕೆ ಅನುಗುಣವಾದುದರಿಂದ ಅಲ್ಲಿ ಶಕ್ತಿ ನಾಲ್ಕರಲ್ಲಿ ಒಂದು ಪಾಲು. ಹೊರಗೆ ಒಂದೂವರೆ ಮೀಟರಿನ ಅಲೆ ಇದ್ದಾಗ ಗೆರೆಯ ಮೇಲೆ ಮುಕ್ಕಾಲು ಮೀಟರು; ನೆರಳಿನೊಳಕ್ಕೆ ಹೋದಷ್ಟೂ ಇನ್ನೂ ಕಡಮೆ. ಗಾಲಿಕುರ್ಚಿ ನೀರಿಗಿಳಿಯುವುದು ಈ ನೆರಳಿನ ಬಲದಿಂದಲೇ. ತೀರವು ಕುಡುಗೋಲಿನಂತೆ ಬಾಗಿರುವುದೂ ಇದರಿಂದಲೇ: ಬಳುಕಿ ಬಂದ ಅಲೆಗಳಿಗೆ ಎದುರುಮುಖವಾಗಿ ಮರಳು ತನ್ನನ್ನು ತಾನೇ ಹೊಂದಿಸಿಕೊಂಡು ನಿಲ್ಲುತ್ತದೆ.

ಗೋಡೆ ಕಟ್ಟಿದರೆ ಮರಳು ಏನು ಮಾಡುತ್ತದೆಂಬುದನ್ನು ಈ ನಗರ ಐನೂರು ವರ್ಷಗಳಿಂದ ಕಂಡಿದೆ. ಮೂಡಣ ಅಲೆಗಳು ಓರೆಯಾಗಿ ಬಡಿಯುವುದರಿಂದ ಕಟಲೋನಿಯದ ಮರಳು ದಡದುದ್ದಕ್ಕೂ ನೈರುತ್ಯಕ್ಕೆ ಸರಿಯುತ್ತಿರುತ್ತದೆ. 1477ರಲ್ಲಿ ಬಂದರಿಗಾಗಿ ದಡದಿಂದ ಮಾಯಾನ್ಸ್ ಎಂಬ ಪುಟ್ಟ ದ್ವೀಪದ ಕಡೆಗೆ ಕಲ್ಲಿನ ಕಟ್ಟೆಯೊಂದನ್ನು ಹಾಕಲಾರಂಭಿಸಿದರು. ಸರಿದು ಬರುತ್ತಿದ್ದ ಮರಳು ಅದಕ್ಕೆ ಒರಗಿ ನಿಂತು, ಕಾಲಕ್ರಮದಲ್ಲಿ ತ್ರಿಕೋನಾಕಾರದ ನೆಲವೇ ಹುಟ್ಟಿತು. ಆ ನೆಲದ ಮೇಲೆ 1753ರಿಂದ ಕಟ್ಟಿದ ಬಡಾವಣೆಯೇ ಇಂದಿನ ಬಾರ್ಸಿಲೊನೆತ. 1848ರಲ್ಲಿ ಮತಾರೋ ಊರಿಗೆ ಹಾಕಿದ ರೈಲುದಾರಿ ಕಡಲ ಅಂಚನ್ನೇ ಹಿಡಿದು ಸಾಗಿ ನಗರಕ್ಕೂ ನೀರಿಗೂ ನಡುವೆ ಬೇಲಿಯಾಯಿತು. ಕಾರ್ಖಾನೆಗಳು ಬಂದವು, ಸೊಮೊರೋಸ್ತ್ರೋ ಎಂಬೆಡೆ ಬಡವರ ಜೋಪಡಿಗಳು ಮರಳಿನ ಮೇಲೆಯೇ ಎದ್ದು, 1966ರಲ್ಲಿ ತೆರವಾದವು. 1992ರ ಒಲಿಂಪಿಕ್ ಕ್ರೀಡೆಗಳಿಗಾಗಿ ದಡವನ್ನು ತೆರವುಗೊಳಿಸಿ, ಗೋಡೆಗಳನ್ನು ಕಟ್ಟಿ, ಮರಳನ್ನು ತಂದು ಸುರಿದಾಗ ನೋವಾ ಇಕಾರಿಯ ಜನಿಸಿತು. ಈ ತೀರ ಅನೇಕ ವಾಚಕರಿಗಿಂತ ಕಿರಿಯದು!

ಹೀಗೆ ತಂದು ಸುರಿದ ಮರಳು ಸುಮ್ಮನೆ ಕುಳಿತಿರುವುದಿಲ್ಲ. ಸಹಜವಾದ ತೀರದಲ್ಲಿ ಹೋದಷ್ಟು ಮರಳನ್ನು ನದಿಗಳು ಮತ್ತೆ ತಂದುಕೊಡುತ್ತವೆ. ಇಲ್ಲಿ ಈಶಾನ್ಯದಿಂದ ಬರಬೇಕಾದ ಮರಳನ್ನು ಮೇಲಿನ ದಡದ ಒಂದೊಂದು ಬಂದರೂ ತಡೆದು ನಿಲ್ಲಿಸಿಕೊಳ್ಳುತ್ತಿದೆ. ಒಂದು ಊರು ಗೋಡೆ ಕಟ್ಟಿಕೊಂಡು ನೆಮ್ಮದಿ ಪಡೆದರೆ ಅದರ ಕೆಳಗಿನ ಊರಿನ ಮರಳು ಸವೆಯುತ್ತದೆ. ಅದೂ ಗೋಡೆ ಕಟ್ಟುತ್ತದೆ. ಸವೆತ ಮುಂದಿನ ಊರಿಗೆ ದಾಟುತ್ತದೆ. ಒಲಿಂಪಿಕ್ ಕ್ರೀಡೆಗಳು ಮುಗಿದ ಮೇಲೂ ನಗರವು ಸಮುದ್ರತಳದಿಂದ ಮರಳನ್ನು ಎತ್ತಿ ತೀರಗಳಿಗೆ ತುಂಬಬೇಕಾಗಿ ಬಂದಿದೆ. ಇದನ್ನು ಕಡಲಿನೊಡನೆ ಮಾಡಿಕೊಂಡ ಗೇಣಿಯ ಒಪ್ಪಂದವೆನ್ನುವುದೇ ಸರಿಯೆಂದು ನನಗೆ ತೋರುತ್ತದೆ.

ಶಾಂತವಾದ ನೀರಿಗೆ ಇನ್ನೊಂದು ದೋಷವುಂಟು. ಅದು ಬೇಗ ಬದಲಾಗುವುದಿಲ್ಲ. ನಮ್ಮಲ್ಲಿಯಾದರೆ ದಿನಕ್ಕೆ ಎರಡು ಬಾರಿ ಇಳಿತವು ದಡದ ಕೊಳೆಯನ್ನು ಒಂದಿಷ್ಟಾದರೂ ಹೊರಕ್ಕೆ ಎಳೆದೊಯ್ಯುತ್ತದೆ. ಗೇಣುದ್ದದ ಏರಿಳಿತಕ್ಕೆ ಆ ಶಕ್ತಿ ಎಲ್ಲಿಯದು? ಗೋಡೆಯ ಒಳಗಿನ ನೀರನ್ನು ಹೊಸದು ಮಾಡಲು ಗಾಳಿಯೂ ಅಳಿದುಳಿದ ಅಲೆಯೂ ಮಾತ್ರ ಇವೆ. ಬಾರ್ಸಿಲೋನಾದಲ್ಲಿ ಮಳೆಯ ನೀರೂ ಮನೆಗಳ ಕೊಳಚೆಯೂ ಬಹುಮಟ್ಟಿಗೆ ಒಂದೇ ಚರಂಡಿಯಲ್ಲಿ ಹರಿಯುತ್ತವೆ. ಬಿರುಮಳೆ ಸುರಿದಾಗ ಚರಂಡಿ ತುಂಬಿ, ಮಿಕ್ಕಿದ್ದು ಸಮುದ್ರಕ್ಕೆ ಬೀಳುತ್ತದೆ. ಇದನ್ನು ತಗ್ಗಿಸಲೆಂದೇ ನಗರದ ನೆಲದಡಿಯಲ್ಲಿ ಭಾರಿ ತೊಟ್ಟಿಗಳನ್ನು ಕಟ್ಟಿ, ಮೊದಲ ಮಳೆಯ ನೀರನ್ನು ಹಿಡಿದಿಟ್ಟು, ಆಮೇಲೆ ಶುದ್ಧೀಕರಣಕ್ಕೆ ಕಳುಹಿಸುತ್ತಾರೆ. ಸ್ನಾನದ ಕಾಲದುದ್ದಕ್ಕೂ ನೀರಿನ ಪರೀಕ್ಷೆ ನಡೆಯುತ್ತದೆ. 2006ರ ಯೂರೋಪಿನ ನಿಯಮದ ಪ್ರಕಾರ ಕಡಲ ನೀರು ‘ಅತ್ಯುತ್ತಮ’ ಎನ್ನಿಸಿಕೊಳ್ಳಬೇಕಾದರೆ, ನೂರರಲ್ಲಿ ತೊಂಬತ್ತೈದು ಪಾಲು ಸಂದರ್ಭಗಳಲ್ಲಿ 100 ಮಿಲಿಲೀಟರಿನಲ್ಲಿ ಮಲಮೂಲದ ಈ. ಕೋಲಿ ಬ್ಯಾಕ್ಟೀರಿಯಗಳು 250ನ್ನು ಮೀರಬಾರದು.

ಈ ತೀರಕ್ಕೆ ಹೋಗುವವರು ಆದುದರಿಂದ ಆಕಾಶವನ್ನು ಮಾತ್ರವಲ್ಲ, ನಿನ್ನೆಯ ಮಳೆಯನ್ನೂ ಗಮನಿಸಬೇಕು. ಬಿರುಮಳೆಯ ಮರುದಿನ ನೀರು ಎಷ್ಟೇ ನಯವಾಗಿ ಹೊಳೆಯುತ್ತಿದ್ದರೂ ಕಂಬದ ಮೇಲೆ ಕೆಂಪು ಬಾವುಟವಿದ್ದರೆ ಇಳಿಯಕೂಡದು. ಹಳದಿಗೆ ಎಚ್ಚರಿಕೆಯೆಂದೂ ಹಸಿರಿಗೆ ಅನುಮತಿಯೆಂದೂ ಅರ್ಥ. ಅಲೆಗಳಿರುವ ದಿನ ಗೋಡೆಯ ಬುಡದಿಂದ ದೂರವಿರುವುದು ಒಳ್ಳೆಯದು. ನೆರಳಿನ ಹೊರಗೆ ದೊಡ್ಡ ಅಲೆಗಳು ಒಡೆಯುವೆಡೆ ದಡದ ನೀರಿನ ಮಟ್ಟ ಕೆಲವು ಸೆಂಟಿಮೀಟರು ಏರಿರುತ್ತದೆ. ನೆರಳಿನಲ್ಲಿ ಅಷ್ಟು ಏರುವುದಿಲ್ಲ. ಏರಿದ ನೀರು ತಗ್ಗಿನ ಕಡೆಗೆ ದಡದುದ್ದಕ್ಕೂ ಹರಿದುಬಂದು, ಮುಂದೆ ದಾರಿಯಿಲ್ಲದೆ ಗೋಡೆಯ ಪಕ್ಕವನ್ನೇ ಹಿಡಿದು ಸಮುದ್ರದ ಕಡೆಗೆ ತಿರುಗುತ್ತದೆ. ನೋಡುವವರ ಕಣ್ಣಿಗೆ ಆ ಮೂಲೆಯೇ ಎಲ್ಲಕ್ಕಿಂತ ಶಾಂತವಾಗಿ ಕಾಣುವುದುಂಟು. ಅದರ ಸೆಳೆತಕ್ಕೆ ಸಿಕ್ಕಿದವರು ದಡದತ್ತ ನೇರವಾಗಿ ಎದುರೀಜದೆ, ಗೋಡೆಯಿಂದ ದೂರಕ್ಕೆ, ತೀರಕ್ಕೆ ಸಮಾನಾಂತರವಾಗಿ ಈಜಿದರೆ ಪ್ರವಾಹದ ಹೊರಗೆ ಬರುತ್ತಾರೆ.