ಹಕ್ಕಿನೊಡನೆ ಹೊಣೆ

ವಿಜಯನಗರ ಜಿಲ್ಲೆಯ ಹಂಪಸಾಗರದ ರೈತನ ಮಗುವಾಗಲಿ, ಬೆಂಗಳೂರಿನ ಅಧಿಕಾರಿಯ ಮಗುವಾಗಲಿ, ಆರರಿಂದ ಹದಿನಾಲ್ಕು ವರ್ಷದವರೆಗೆ ಉಚಿತವಾಗಿ ಶಿಕ್ಷಣ ಪಡೆಯುವುದು ಆ ಮಗುವಿನ ಹಕ್ಕು. ಅದು ಯಾರ ದಾಕ್ಷಿಣ್ಯವೂ ಅಲ್ಲ.

ಆದರೆ ಈ ಹಕ್ಕು ತಾನಾಗಿ ಬಂದುದಲ್ಲ. ಹತ್ತು ವರ್ಷಗಳೊಳಗೆ ಎಲ್ಲ ಮಕ್ಕಳಿಗೂ ಶಿಕ್ಷಣ ನೀಡಲು ಯತ್ನಿಸಬೇಕೆಂದು 1950ರ ಸಂವಿಧಾನವು ಸರ್ಕಾರಕ್ಕೆ ಸೂಚಿಸಿತ್ತು. ಅದು ನಡೆಯದಿದ್ದರೆ ನ್ಯಾಯಾಲಯದಲ್ಲಿ ಕೇಳುವಂತಿರಲಿಲ್ಲ. ಮುಂದೆ, ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜಿಗೆ ಸೇರಬಯಸಿದ ಹೊರರಾಜ್ಯದ ವಿದ್ಯಾರ್ಥಿನಿಯೊಬ್ಬಳು ವರ್ಷಕ್ಕೆ 60,000 ರೂಪಾಯಿ ಶುಲ್ಕ ತೆರಲಾರದೆ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಳು. ಶಿಕ್ಷಣವೂ ಪ್ರಜೆಯ ಹಕ್ಕೆಂದು ನ್ಯಾಯಾಲಯವು 1992ರಲ್ಲಿ ಸಾರಿತು. ಮರುವರ್ಷದ ಇನ್ನೊಂದು ತೀರ್ಪು ಉಚಿತ ಶಿಕ್ಷಣದ ಹಕ್ಕಿಗೆ ಹದಿನಾಲ್ಕು ವರ್ಷದ ಮಿತಿಯನ್ನು ಗೊತ್ತುಪಡಿಸಿತು. 2002ರ 86ನೆಯ ತಿದ್ದುಪಡಿಯಿಂದ ಅದು ಸಂವಿಧಾನದ 21ಎ ವಿಧಿಯಾಯಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು.

ಹಕ್ಕನ್ನು ನೀಡಿದ ಅದೇ ತಿದ್ದುಪಡಿ ಹೊಣೆಯನ್ನೂ ಹೊರಿಸಿತು. ಮಕ್ಕಳಿಗೆ ಕಲಿಯುವ ಅವಕಾಶ ಒದಗಿಸುವುದು ಹೆತ್ತವರ ಹಾಗೂ ಪೋಷಕರ ಮೂಲಭೂತ ಕರ್ತವ್ಯವಾಯಿತು.

ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು ಈ ಹದಿನಾಲ್ಕರ ಗಡಿಯಲ್ಲಿ ನಿಂತಿರುತ್ತಾರೆ. ಅದರಾಚೆಗೆ ಹಂಪಸಾಗರದಂಥ ಊರುಗಳವರಿಗೆ 371ಜೆ ವಿಧಿಯ ಆಸರೆಯುಂಟು. 2012ರ 98ನೆಯ ತಿದ್ದುಪಡಿಯಿಂದ ಬಂದ ಈ ವಿಧಿ ಕಲ್ಯಾಣ ಕರ್ನಾಟಕದವರಿಗೆ ಉನ್ನತ ಶಿಕ್ಷಣದಲ್ಲಿಯೂ ಸರ್ಕಾರಿ ಉದ್ಯೋಗದಲ್ಲಿಯೂ ಮೀಸಲಾತಿಗೆ ದಾರಿ ಮಾಡಿತು. ಆದರೆ ನಡುವೆಯೇ ಶಾಲೆ ಬಿಟ್ಟವರಿಗೆ ಆ ಬಾಗಿಲು ತೆರೆಯದು. ಆದುದರಿಂದ ತಾನು ಓದನ್ನು ಮುಂದುವರಿಸುವುದು, ಕೂಲಿಗೆ ಹೊರಟ ಗೆಳೆಯ ಗೆಳತಿಯರ ವಿಷಯವನ್ನು ಶಿಕ್ಷಕರಿಗೆ ತಿಳಿಸಿ ಅವರನ್ನು ಶಾಲೆಗೆ ಮರಳಿಸುವುದು, ಇವೇ ಎಳೆಯ ಪ್ರಜೆಯ ಮೊದಲ ಕರ್ತವ್ಯಗಳು.