ಮೆದೆಯ ಬೆಂಕಿ, ಬೆಟ್ಟದ ಬೆಂಕಿ

ಸಂಕ್ರಾಂತಿಯ ಸಂಜೆ ಹಳೇ ಮೈಸೂರಿನ ಊರುಗಳಲ್ಲಿ ಬೀದಿಗೆ ಹುಲ್ಲು ಹರಡಿ, ಬೆಂಕಿಯಿಟ್ಟು, ದನಗಳನ್ನು ಕಿಚ್ಚು ಹಾಯಿಸುತ್ತಾರೆ. ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯ ಸೀಮೆಗೂ ಇದು ಹೊಸತಲ್ಲ. ಅದು ಜನರೇ ಕರೆದು ತಂದ ಬೆಂಕಿ. ಅಲ್ಲಿಂದ ಬೇಸಿಗೆಯ ಮಳೆ ಬೀಳುವವರೆಗೆ ಕರೆಯದೆ ಬರುವ ಬೆಂಕಿಯ ಕಾಲ. ಹಿತ್ತಿಲಲ್ಲಿ ವರ್ಷದ ಮೇವು ಮೆದೆಯಾಗಿ ನಿಂತಿರುತ್ತದೆ. ಅದು ಸುಟ್ಟರೆ ಬಡ ರೈತನಿಗೆ ಹುಲ್ಲು ಕೊಳ್ಳಬೇಕು, ಇಲ್ಲವೇ ದನ ಮಾರಬೇಕು.

ಮೆದೆಯ ಬೆಂಕಿ ವಿಚಿತ್ರವಾದುದು. ಮಳೆಯ ನೀರು ಒಳಗಿಳಿಯದೆ ಜಾರಿಹೋಗುವಂತೆ ಒಟ್ಟುವುದೇ ಮೆದೆ ಹಾಕುವವನ ಜಾಣ್ಮೆ. ಬೆಂಕಿ ಬಿದ್ದ ದಿನ ಅದೇ ಜಾಣ್ಮೆ ತಿರುಗಿ ಬೀಳುತ್ತದೆ. ಎಷ್ಟು ನೀರು ಸುರಿದರೂ ಮೇಲಿನಿಂದಲೇ ಹರಿದುಹೋಗಿ, ಒಳಗೆ ಗಂಟೆಗಟ್ಟಲೆ ಕೆಂಡ ಉಳಿಯುತ್ತದೆ. ಆದ್ದರಿಂದ ನೀರು ಹಾಯಿಸುತ್ತಲೇ ಹುಲ್ಲನ್ನು ಕವೆಗೋಲಿನಿಂದ ಕೆದರಿ ಹರಡಬೇಕು. ಈ ಕೆಲಸ ನಾಲ್ಕೈದು ಸಿಬ್ಬಂದಿಯಿಂದ ಆಗುವುದಲ್ಲ, ಊರಿನ ಕೈಗಳೇ ಬೇಕು.

ರಾಜ್ಯದಲ್ಲಿ ಅಗ್ನಿಶಾಮಕ ದಳಕ್ಕೆಂದೇ ಕಾಯ್ದೆಯಾದದ್ದು 1964ರಲ್ಲಿ. 101 ಅಥವಾ 112ಕ್ಕೆ ಕರೆ ಹೋದರೆ ಪಟ್ಟಣದಿಂದ ವಾಹನ ಹೊರಡುತ್ತದೆ. ಆದರೆ ಅದರ ತೊಟ್ಟಿಯ ನೀರು ಕೆಲವೇ ನಿಮಿಷಗಳದು. ಮತ್ತೆ ತುಂಬಿಸಲು ಯಾವ ಕೆರೆಯಲ್ಲಿ ನೀರಿದೆ, ದೊಡ್ಡ ಗಾಡಿ ತಿರುಗುವ ದಾರಿ ಯಾವುದು ಎಂಬುದನ್ನು ಊರಿನವರೇ ತೋರಿಸಬೇಕು. ವಿದ್ಯುತ್ ತಂತಿಯ ಕೆಳಗೆ ಮೆದೆ ಹಾಕದಿರುವುದು, ಒಂದು ದೊಡ್ಡ ಮೆದೆಯ ಬದಲು ಅಂತರ ಬಿಟ್ಟು ಎರಡು ಹಾಕುವುದು, ಇವು ಖರ್ಚಿಲ್ಲದ ಎಚ್ಚರಿಕೆಗಳು. ಜಾಗವಿಲ್ಲದವರು ಏನು ಮಾಡಬೇಕೆಂಬುದು ಬೇರೆ ಪ್ರಶ್ನೆ.

ಬೆಟ್ಟದ ಬೆಂಕಿಗೆ ಗಾಡಿ ಹತ್ತುವುದೇ ಇಲ್ಲ. ಅಲ್ಲಿ ಹಸಿ ಸೊಪ್ಪಿನಿಂದ ಬಡಿಯಬೇಕು, ಬೆಂಕಿಯ ದಾರಿಯಲ್ಲಿ ಹುಲ್ಲು ತರಗು ಗುಡಿಸಿ ಬರಿ ನೆಲ ಮಾಡಬೇಕು. ಜ್ವಾಲೆ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುವುದರಿಂದ ಏರಿನಲ್ಲಿ ಬೆಂಕಿಯ ಓಟ ಹೆಚ್ಚು. ಬೆಂಕಿಗಿಂತ ಮೇಲೆ ನಿಂತವರಿಗೆ ತಪ್ಪಿಸಿಕೊಳ್ಳಲು ಸಮಯ ಸಿಗದು. ಇದೇ ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಭಾಗದಲ್ಲಿ 2023ರ ಫೆಬ್ರವರಿಯಲ್ಲಿ ಕಾಳ್ಗಿಚ್ಚು ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟಗಾಯಗಳಿಂದ ತೀರಿಕೊಂಡರು.

ಎಲ್ಲ ಬೆಂಕಿಯೂ ಕಾಡಿಗೆ ಶತ್ರುವೇ? ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೌದೆನ್ನುವುದಿಲ್ಲ. ನೆಲದ ತರಗು ಮಾತ್ರ ಸುಡುವಂತೆ ಬೇಸಿಗೆ ಬಲಿಯುವ ಮುನ್ನ ಹಾಕುತ್ತಿದ್ದ ‘ತರಗು ಬೆಂಕಿ’ ನಿಂತದ್ದರಿಂದಲೇ ಲಂಟಾನ ಹಬ್ಬಿತು ಎಂಬುದು ಅವರ ವಾದ. 1974ರಲ್ಲಿ ಆ ಕಾಡು ಅಭಯಾರಣ್ಯವಾಯಿತು. ವಿಜ್ಞಾನಿಗಳಲ್ಲಿ ಈ ಬಗ್ಗೆ ಒಮ್ಮತವಿಲ್ಲವಾದರೂ ಒಣಗಿದ ಲಂಟಾನದ ಮೆಳೆ ಎಷ್ಟು ಎತ್ತರಕ್ಕೆ ಉರಿಯುತ್ತದೆಂಬುದು ಬಂಡೀಪುರದಲ್ಲಿ 2019ರಲ್ಲಿ ಕಂಡಿದೆ.

ಮುಂಬಯಿ ಬಂದರಿನಲ್ಲಿ 1944ರ ಏಪ್ರಿಲ್ 14ರಂದು ಹಡಗು ಸ್ಫೋಟಿಸಿ ಮಡಿದ 66 ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ದೇಶದಲ್ಲಿ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಅಷ್ಟರಲ್ಲಿ ಹಳೇಕೋಟೆಯ ಕಡೆ ಮೆದೆಗಳು ಅರ್ಧ ಕರಗಿರುತ್ತವೆ. ಈ ಊರುಗಳಿಗೆ ಪ್ರಾತ್ಯಕ್ಷಿಕೆ ಬೇಕಾದದ್ದು ಜನವರಿಯಲ್ಲಿ, ಕಣದ ಕೆಲಸ ಮುಗಿದು ಹುಲ್ಲು ಹಿತ್ತಿಲಿಗೆ ಬರುವ ಹೊತ್ತಿಗೆ.